ಏಕಾದಶಿಯ ಸಕ್ಕರೆ

ನನ್ನ ಅಪ್ಪ ಕದ್ದು ತಿನ್ನುತ್ತಾರೆ ಎಂದು ನಾನು ಎರಡು ತಿಂಗಳು ನಂಬಿದ್ದೆ. ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಅಷ್ಟು ಪಾಪ ಬರುತ್ತಿರಲಿಲ್ಲವೇನೋ. ಅವರ ಮುಖಕ್ಕೇ ಹೇಳಿದ್ದೆ. ಆಗ ನಾನು ಪಿಎಚ್‌ಡಿ ಮಾಡುತ್ತಿದ್ದದ್ದು ಸಕ್ಕರೆ ಅಳೆಯುವ ಸಂವೇದಕಗಳ ಮೇಲೆಯೇ. ಹಾಗಾಗಿ ಈ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತಿಗೆ ಡಾಕ್ಟರ ಮಾತಿನಷ್ಟೇ ತೂಕವಿತ್ತು. ಅಪ್ಪನಿಗೆ ಅದೇ ಕಷ್ಟಕ್ಕೆ ಬಂತು.

ನಾವಿದ್ದದ್ದು ಡೊಂಬಿವಲಿಯಲ್ಲಿ. ಅಪ್ಪ ಠಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮುಖ್ಯ ಅಡುಗೆಯವರು. ಹುಟ್ಟಿದ್ದು ಉಡುಪಿಯ ಹತ್ತಿರ, ಬೆಳೆದದ್ದು ಈ ಕಡೆಯ ಹೋಟೆಲುಗಳ ಒಲೆಯ ಮುಂದೆ. ಬೆಳಗಿನ ಮೊದಲ ಲೋಕಲ್‌ಗಳಲ್ಲಿ ಒಂದನ್ನು ಹಿಡಿದು ಠಾಣೆಗೆ ಹೋಗುತ್ತಿದ್ದರು. ನಾನು ನಿಧಾನಕ್ಕೆ ಎದ್ದು, ಎಂಟರ ಗಾಡಿಯಲ್ಲಿ ಅದೇ ಠಾಣೆಗೆ ಬಂದು, ಅಲ್ಲಿಂದ ನವಿ ಮುಂಬಯಿಯ ಕಡೆ ಹೋಗುವ ಗಾಡಿ ಹತ್ತುತ್ತಿದ್ದೆ. ಕೋಪರಖೈರಣೆ ದಾಟಿದ ಮೇಲೆ ನನ್ನ ಪ್ರಯೋಗಾಲಯ. ಠಾಣೆಯಲ್ಲಿ ಗಾಡಿ ಬದಲಿಸುವ ನಡುವೆ ಹೋಟೆಲಿನ ಹಿಂಬಾಗಿಲಿಗೆ ಓಡಿದರೆ ಅಪ್ಪ ಎರಡು ಬನ್ಸ್‌ಗಳ ಪೊಟ್ಟಣವನ್ನು ಕೈಗೆ ತುರುಕುತ್ತಿದ್ದರು. ಮಾತಿಗೆ ಇಬ್ಬರಿಗೂ ಪುರುಸೊತ್ತಿರಲಿಲ್ಲ. "ಬಿಸಿ ಉಂಟು, ಜಾಗ್ರತೆ" ಎಂಬುದೇ ನಮ್ಮ ಬೆಳಗಿನ ಸಂಭಾಷಣೆ.

ಆ ಹೋಟೆಲಿಗೆ ಬೆಳಗ್ಗೆ ಬರುವವರಲ್ಲಿ ಅರ್ಧ ಜನ ಬರುತ್ತಿದ್ದದ್ದು ಅಪ್ಪನ ಬನ್ಸ್‌ಗೆ. ಹಿಂದಿನ ದಿನ ಕಲಸಿಟ್ಟ ಹಿಟ್ಟನ್ನು ಲಟ್ಟಿಸಿ ಕರಿಯುತ್ತಾ, ಪಕ್ಕದ ಪಾತ್ರೆಯಲ್ಲಿ ಸಂಜೆಯ ಹಿಟ್ಟಿಗೆಂದು ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚುತ್ತಾ ಇರುತ್ತಿದ್ದರು. ಮಿಕ್ಸರ್ ಇತ್ತು. ಆದರೆ ಮಿಕ್ಸರಿಗೆ ಹಾಕಿದ ಹಣ್ಣು ನೀರಾಗುತ್ತದೆ, ಕೈಯಲ್ಲೇ ಕಿವುಚಬೇಕು ಎಂಬುದು ಅವರ ವಾದ. ಬಾಣಲೆಯಿಂದ ತೆಗೆದ ಮೊದಲ ಬನ್ಸ್ ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ. ಆಮೇಲೆ ಮೊದಲ ಗಿರಾಕಿಗೆ. ಅದೆಲ್ಲ ಆದ ಮೇಲೆ, ಏಳು ಗಂಟೆಯ ಹೊತ್ತಿಗೆ ಅವರ ಹೊಟ್ಟೆಗೆ ಕಾಫಿ. ಮೂವತ್ತು ವರ್ಷದಿಂದ ಇದೇ ಕ್ರಮ.

ಸಕ್ಕರೆ ಕಾಯಿಲೆ ಬಂದ ಮೇಲೆ ಆ ಕಾಫಿಯ ಮೊದಲು ಒಂದು ಹೊಸ ಕೆಲಸ ಸೇರಿಕೊಂಡಿತು. ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿ ಬರೆದಿಡಲು ಹೇಳಿದ್ದರು. ಅಪ್ಪ ಮೀಟರನ್ನು ಪಟದ ಹಿಂದೆ ಇಟ್ಟುಕೊಂಡಿದ್ದರು. ಒಲೆಯಿಂದ ಈಚೆ ಬಂದು, ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿ, ದವಾಖಾನೆಯಲ್ಲಿ ತೋರಿಸಿಕೊಟ್ಟಂತೆ ಬೆರಳಿಗೆ ಸ್ಪಿರಿಟ್ ಹತ್ತಿ ತಾಗಿಸಿ, ಚುಚ್ಚಿ, ಪಟ್ಟಿಯ ಮೇಲೆ ಹನಿ ಬಿಟ್ಟು, ಬಂದ ಅಂಕಿಯನ್ನು ಒಂದು ಸಣ್ಣ ಡೈರಿಯಲ್ಲಿ ಶಾಯಿಯಲ್ಲಿ ಬರೆಯುತ್ತಿದ್ದರು. ಇನ್ನೂರ ಎಂಬತ್ತು. ಇನ್ನೂರ ತೊಂಬತ್ತೈದು. ಒಂದು ದಿನ ಮುನ್ನೂರ ಹತ್ತು. ಕದ್ದು ತಿನ್ನುವ ಮನುಷ್ಯ ತನ್ನ ವಿರುದ್ಧ ತಾನೇ ಇಷ್ಟು ದುಂಡಗೆ ಬರೆದಿಡುತ್ತಾನಾ ಎಂಬ ಯೋಚನೆ ನಮ್ಮ ಯಾರ ತಲೆಗೂ ಹೋಗಲಿಲ್ಲ.

ಡಾಕ್ಟರು ಡೈರಿ ನೋಡಿ ಮಾತ್ರೆ ಹೆಚ್ಚಿಸಿದರು. ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬನ್ನಿ ಎಂದೂ ಹೇಳಿದ್ದರು. ಆದರೆ ಬೆಳಗಿನ ಹೊತ್ತು ಒಲೆ ಬಿಟ್ಟು ಬರುವುದು ಅಪ್ಪನಿಂದ ಆಗುತ್ತಿರಲಿಲ್ಲ, ಅದು ಮುಂದೆ ಮುಂದೆ ಹೋಯಿತು. ಮಾತ್ರೆ ಹೆಚ್ಚಾದರೂ ಅಂಕಿ ಇಳಿಯಲಿಲ್ಲ. ಅಮ್ಮ ತನಿಖೆಗೆ ಇಳಿದರು. ಅಂಗಿಯ ಜೇಬು ಮೂಸುವುದು, ಚೀಲ ಕೊಡವುವುದು, ಸಂಜೆ ಬಾಗಿಲು ತೆರೆದ ಕೂಡಲೇ ಅದೇ ಪ್ರಶ್ನೆ.

"ಎಂತ ತಿಂದ್ರಿ ಇವತ್ತು?"

"ಎಂತದೂ ಇಲ್ಲ. ನೀನು ಕಟ್ಟಿ ಕೊಟ್ಟ ಚಪಾತಿ."

"ಮತ್ತೆ ಮೀಟರು ಸುಮ್ಮನೆ ಏರ್ತದಾ?"

ನಮ್ಮ ಮನೆಯ ಮಾತು ತುಳು. ಗಂಭೀರ ವಿಷಯ ಬಂದರೆ ಮಾತ್ರ ಅಪ್ಪ ಅಮ್ಮ ಕನ್ನಡಕ್ಕೆ ಬರುತ್ತಿದ್ದರು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಕನ್ನಡವೇ ಕನ್ನಡ.

ಅಮ್ಮನ ಹತ್ತಿರ ಒಂದು ಬಲವಾದ ಸಾಕ್ಷಿಯೂ ಇತ್ತು. ರಜೆಯ ದಿನ ಮನೆಯಲ್ಲೇ ಪರೀಕ್ಷೆ ಮಾಡಿದರೆ ಅಂಕಿ ನೂರರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. "ನನ್ನ ಕಣ್ಣೆದುರು ಇದ್ದರೆ ಸರಿ ಇರ್ತದೆ. ಅಲ್ಲಿ ಹೋದ್ರೆ ಏರ್ತದೆ. ಇದಕ್ಕಿಂತ ಹೆಚ್ಚು ಎಂತ ಬೇಕು?" ಎಂದು ಅಮ್ಮ ನನ್ನನ್ನೇ ಕೇಳಿದರು. ನಾನು ತಲೆಯಾಡಿಸಿದೆ. ವಾದ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ನನ್ನ ಪ್ರಬಂಧದ ಮೊದಲ ಅಧ್ಯಾಯಕ್ಕಿಂತ ಚೆನ್ನಾಗಿತ್ತು.

ಆಮೇಲೆ ಬಂತು ಆ ಏಕಾದಶಿ. ಅಪ್ಪ ಹದಿಮೂರು ವರ್ಷದವರಿದ್ದಾಗಿನಿಂದ ಏಕಾದಶಿ ಬಿಟ್ಟವರಲ್ಲ. ಆ ದಿನ ಹೋಟೆಲಿನಲ್ಲಿ ನೂರು ಜನರಿಗೆ ಬೇಯಿಸಿದರೂ ತಾವು ಒಂದು ಕಾಳು ಬಾಯಿಗೆ ಹಾಕುತ್ತಿರಲಿಲ್ಲ, ಸಾಂಬಾರಿನ ಉಪ್ಪನ್ನು ಮೂಸಿಯೇ ಹೇಳುತ್ತಿದ್ದರು. ಕಾಯಿಲೆ ಬಂದ ಮೇಲೆ ಮಾತ್ರೆಗೆ ಎರಡು ಗುಟುಕು ನೀರು ಸೇರಿಕೊಂಡಿತ್ತು, ಅಷ್ಟೇ. ಆ ಏಕಾದಶಿಯ ಬೆಳಗ್ಗೆ ಮೀಟರು ಇನ್ನೂರ ತೊಂಬತ್ತು ತೋರಿಸಿತು. ಹೆಚ್ಚಿಸಿದ ಮಾತ್ರೆ ನುಂಗಿದರು. ಹತ್ತು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಒಲೆಯ ಪಕ್ಕದಲ್ಲೇ ಕುಸಿದು ಕುಳಿತರು. ಹೋಟೆಲಿನವರು ರಿಕ್ಷಾ ಹತ್ತಿಸಿ, ರೈಲಿನಲ್ಲಿ ಜೊತೆಗೆ ಬಂದು, ಮನೆಗೆ ಬಿಟ್ಟು ಹೋದರು.

ಸಂಜೆ ನಾನು ಬಂದಾಗ ಅಪ್ಪ ಮಲಗಿದ್ದರು, ಅಮ್ಮ ಡೈರಿ ಹಿಡಿದು ಅಳುತ್ತಿದ್ದರು. "ಏಕಾದಶಿ ದಿನವೂ!" ಎಂದರು ಅಮ್ಮ. ಅವರಿಗೆ ಕಾಯಿಲೆಗಿಂತ ದೊಡ್ಡ ಹೆದರಿಕೆ ಅದು. ಇಷ್ಟು ವರ್ಷ ಜೊತೆಗಿದ್ದ ಗಂಡ ಏಕಾದಶಿಯಂದು ಕದ್ದು ತಿಂದರೆ, ಅವರಿಗೆ ಗೊತ್ತಿದ್ದ ಮನುಷ್ಯ ಎಲ್ಲಿಗೆ ಹೋದ?

"ನಾನು ತಿನ್ನಲಿಲ್ಲ ಮಾರಾಯ್ತಿ" ಎಂದರು ಅಪ್ಪ, ಗೋಡೆಯ ಕಡೆ ತಿರುಗಿಕೊಂಡೇ.

ಆಗ ನಾನು ಬಾಯಿ ಹಾಕಿದೆ. "ಅಪ್ಪ, ಆ ಪಟ್ಟಿಯಲ್ಲಿರುವ ಕಿಣ್ವದ ಮೇಲೆಯೇ ನಾನು ಕೆಲಸ ಮಾಡುದು. ಅದಕ್ಕೆ ಗ್ಲೂಕೋಸ್ ಬಿಟ್ಟರೆ ಬೇರೆ ಗೊತ್ತಿಲ್ಲ. ಅದು ಸುಳ್ಳು ಹೇಳುದಿಲ್ಲ. ಹಾಗಾದ್ರೆ ಸುಳ್ಳು ಹೇಳುವವರು ಯಾರು?"

ಈ ಮಾತನ್ನು ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಅಪ್ಪ ಜಗಳಕ್ಕೆ ಬರಲಿಲ್ಲ. ಎದ್ದು ಕುಳಿತು, ಅಮ್ಮನನ್ನು ನೋಡಿ ಹೇಳಿದರು. "ನಿದ್ದೆಯಲ್ಲಿ ಎದ್ದು ತಿಂತೇನೋ ಏನೋ. ನನಗೆ ನೆನಪಿರುದಿಲ್ಲವೋ ಏನೋ. ನೀನು ಅಡುಗೆಮನೆಗೆ ಒಂದು ಬೀಗ ಹಾಕು. ಕೀಲಿಕೈ ನಿನ್ನತ್ರ ಇರ್ಲಿ."

ಜೀವಮಾನವೆಲ್ಲ ಅಡುಗೆಮನೆಯಲ್ಲೇ ನಿಂತವರ ಮನೆಯ ಅಡುಗೆಮನೆಗೆ ಮಾರನೆಯ ದಿನ ಬೀಗ ಬಿತ್ತು. ಡಾಕ್ಟರು ಇನ್ನೊಂದು ವಾರ ನೋಡೋಣ, ಅಂಕಿ ಹೀಗೇ ಇದ್ದರೆ ಇನ್ಸುಲಿನ್ ಚುಚ್ಚುಮದ್ದು ಶುರು ಮಾಡೋಣ ಎಂದರು. ಆ ವಾರ ಅಪ್ಪ ಮನೆಯಲ್ಲಿ ನೀರು ಬೇಕಾದರೂ ಕೇಳಿ ಕುಡಿಯುತ್ತಿದ್ದರು.

ಆ ವಾರವೇ ನನ್ನ ಕೆಲಸವೂ ಕೆಟ್ಟಿತು.

ನಾನು ಬಳಸುತ್ತಿದ್ದ ಯಂತ್ರದ ಹೆಸರು ಸ್ಕ್ಯಾನಿಂಗ್ ಎಲೆಕ್ಟ್ರೋಕೆಮಿಕಲ್ ಮೈಕ್ರೋಸ್ಕೋಪ್. ಹೆಸರಿನಲ್ಲಿ ಮೈಕ್ರೋಸ್ಕೋಪ್ ಇದ್ದರೂ ಅದರಲ್ಲಿ ಕಣ್ಣಿಟ್ಟು ನೋಡುವ ಮಸೂರವಿಲ್ಲ. ಗಾಜಿನೊಳಗೆ ಹುದುಗಿಸಿದ ಪ್ಲಾಟಿನಂ ತಂತಿಯ ತುದಿಯೊಂದಿದೆ, ಕೂದಲಿಗಿಂತ ತೆಳು. ದ್ರಾವಣದಲ್ಲಿ ಮುಳುಗಿಸಿಟ್ಟ ಸಂವೇದಕದ ಮೇಲೆ ಅದು ತಾಗಿಯೂ ತಾಗದಷ್ಟು ಎತ್ತರದಲ್ಲಿ ಸಾಲು ಸಾಲಾಗಿ ಸಾಗುತ್ತದೆ. ಕೆಳಗಿನ ಕಿಣ್ವ ಜೀವಂತವಾಗಿದ್ದರೆ ಗ್ಲೂಕೋಸನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡನ್ನು ಹೊರಗೆ ಬಿಡುತ್ತದೆ. ತುದಿ ಅದನ್ನು ಗುರುತಿಸಿ ಒಂದು ಸಣ್ಣ ವಿದ್ಯುತ್ ಪ್ರವಾಹವಾಗಿ ತಿಳಿಸುತ್ತದೆ. ಪರದೆಯ ಮೇಲೆ ಅದೇ ಬಣ್ಣವಾಗಿ ಕಾಣುತ್ತದೆ, ಕೆಲಸ ನಡೆಯುವಲ್ಲಿ ಕೆಂಪು, ನಡೆಯದಲ್ಲಿ ನೀಲಿ. ಸಂವೇದಕದ ಯಾವ ಮೂಲೆಯಲ್ಲಿ ಕಿಣ್ವ ಚುರುಕಾಗಿದೆ, ಯಾವ ಮೂಲೆಯಲ್ಲಿ ಸತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿರಲಿಲ್ಲ. ಹಿಂದೆ ಒಮ್ಮೆ ಅಪ್ಪನಿಗೆ ಇದನ್ನು ವಿವರಿಸಿದ್ದೆ. "ದೋಸೆಕಲ್ಲಿನ ಮೇಲೆ ಅಂಗೈ ಹಿಡಿದು ಎಲ್ಲಿ ಕಾದಿದೆ ಅಂತ ನೋಡ್ತೇವಲ್ಲ, ಹಾಗೆ" ಎಂದಿದ್ದರು. ನನ್ನ ಮೂರು ಸೆಮಿನಾರುಗಳಲ್ಲಿ ನಾನು ಇಷ್ಟು ಸುಲಭವಾಗಿ ಹೇಳಿರಲಿಲ್ಲ.

ನನ್ನ ಗೈಡ್ ಕಲ್ಯಾಣದಿಂದ ಬರುತ್ತಿದ್ದ ಮರಾಠಿ ಹೆಂಗಸು. ಅತಿ ಕಡಿಮೆ ಮಾತು, ಅದೂ ಹಿಂದಿಯಲ್ಲಿ. ಅವರದು ಒಂದೇ ಹಟ. ಗ್ಲೂಕೋಸ್ ಹಾಕಿ ಎಷ್ಟು ಚಂದದ ಕೆಂಪು ಚಿತ್ರ ತಂದರೂ ಅವರು ಅದನ್ನು ನೋಡುತ್ತಿರಲಿಲ್ಲ. "ಪೆಹಲೆ ಬ್ಲ್ಯಾಂಕ್ ದಿಖಾವ್" ಎನ್ನುತ್ತಿದ್ದರು. ಎಂದರೆ, ಗ್ಲೂಕೋಸ್ ಹಾಕದ ಖಾಲಿ ದ್ರಾವಣದಲ್ಲಿ ಮೊದಲು ಓಡಿಸಬೇಕು. ಆಗ ಪರದೆ ಪೂರ್ತಿ ನೀಲಿಯಾಗಿರಬೇಕು. ಖಾಲಿಯಲ್ಲಿ ಏನೂ ಇಲ್ಲ ಎಂದು ಖಾತ್ರಿಯಾಗದೆ, ಇದ್ದದ್ದನ್ನು ಅವರು ನಂಬುತ್ತಿರಲಿಲ್ಲ.

ಆ ವಾರ ನನ್ನ ಖಾಲಿ ಓಟ ನೀಲಿಯಾಗಲಿಲ್ಲ. ಮೊದಲ ಹತ್ತು ಹನ್ನೆರಡು ಸಾಲುಗಳು ಕೆಂಪಗೆ ಬೆಳಗಿ, ಆಮೇಲೆ ಮೆಲ್ಲಗೆ ಆರಿಹೋದವು. ದ್ರಾವಣ ಹೊಸದಾಗಿ ಮಾಡಿದೆ, ತುದಿಯನ್ನು ಮತ್ತೆ ಉಜ್ಜಿ ನಯ ಮಾಡಿದೆ. ಮಾರನೆಯ ದಿನವೂ ಅದೇ ಕಥೆ. ಗ್ಲೂಕೋಸೇ ಇಲ್ಲದ ಕಡೆ ಗ್ಲೂಕೋಸ್ ಇದೆ ಎಂದು ಕಿಣ್ವ ಹೇಳುತ್ತಿತ್ತು. ಮೂರನೆಯ ದಿನ ಗೈಡ್ ಬಂದು ಪರದೆಯ ಮುಂದೆ ಕುಳಿತರು. ನಾನು ಸಂವೇದಕವನ್ನು ಹೇಗೆ ಕೂರಿಸುತ್ತೇನೆ ಎಂದು ತೋರಿಸಲು ಹೇಳಿದರು. ಅದೊಂದು ಉಗುರಿನಷ್ಟು ಸಣ್ಣ ಚಿಪ್. ಅದರ ಮೇಲೆ ರಬ್ಬರ್ ಬಳೆಯಿಟ್ಟು ಬಿಗಿಯಬೇಕು. ಕೈಗವಸು ಹಾಕಿಕೊಂಡರೆ ಬಳೆ ಜಾರುತ್ತದೆ, ಆದ್ದರಿಂದ ಆ ಒಂದು ನಿಮಿಷಕ್ಕೆ ನಾವೆಲ್ಲರೂ ಕೈಗವಸು ತೆಗೆದಿಡುತ್ತಿದ್ದೆವು. ನಾನೂ ತೆಗೆದೆ. ಅವರು ನನ್ನ ಬೆರಳುಗಳನ್ನೇ ನೋಡಿದರು.

"ಸುಬಹ್ ಕ್ಯಾ ಖಾಯಾ?"

ಬೆಳಗ್ಗೆ ಏನು ತಿಂದೆ? ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಕೇಳುತ್ತಿದ್ದ ಪ್ರಶ್ನೆಯನ್ನು ಈಗ ನನಗೇ ಕೇಳಿದ್ದರು. ಕೇಳಿಸಿಕೊಳ್ಳುವವರಿಗೆ ಅದು ಹೇಗೆ ಚುಚ್ಚುತ್ತದೆ ಎಂದು ಆಗ ಗೊತ್ತಾಯಿತು. ಆ ವಾರ ಗಾಡಿಯಲ್ಲಿ ನಿಲ್ಲಲೂ ಜಾಗ ಸಿಗದೆ, ಅಲ್ಲೇ ತಿಂದು ಬಂದು ಕೈ ತೊಳೆಯುವ ಎಂದಿನ ರೂಢಿ ತಪ್ಪಿ, ಬನ್ಸನ್ನು ಪ್ರಯೋಗಾಲಯದ ಹೊರಗಿನ ಮೆಟ್ಟಿಲ ಮೇಲೆ ಕುಳಿತು ತಿಂದು, ಕರ್ಚೀಫಿನಲ್ಲಿ ಕೈ ಒರೆಸಿಕೊಂಡು ನೇರ ಒಳಗೆ ಬರುತ್ತಿದ್ದೆ. ಹಾಗೆಂದು ಹೇಳಿದೆ.

"ಉಸ್ ಮೇ ಕ್ಯಾ ಹೋತಾ ಹೈ?" ಅದರಲ್ಲಿ ಏನೇನಿರುತ್ತದೆ ಎಂದು ಕೇಳಿದರು. ಬನ್ಸ್ ಎಂದರೆ ಅವರು ಬೇಕರಿಯದು ಎಂದುಕೊಂಡಿದ್ದರು.

ನಾನು ಪಾಠ ಒಪ್ಪಿಸುವವಳಂತೆ ಶುರು ಮಾಡಿದೆ. ಮೈದಾ, ಮೊಸರು, ಜೀರಿಗೆ, ಸ್ವಲ್ಪ ಸಕ್ಕರೆ. ಸಕ್ಕರೆಗೆ ಈ ಕಿಣ್ವ ಸೊಪ್ಪು ಹಾಕುವುದಿಲ್ಲ, ಅದು ಹಿಡಿಯುವುದು ಗ್ಲೂಕೋಸನ್ನು ಮಾತ್ರ. ಆಮೇಲೆ ಬಾಳೆಹಣ್ಣು ಎಂದೆ. ಚೆನ್ನಾಗಿ ಕಳಿತ ಬಾಳೆಹಣ್ಣು. ಅದರಲ್ಲಿ ಗ್ಲೂಕೋಸ್ ಬೇಕಾದಷ್ಟು ಇದೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ಪರದೆಯ ಕೆಂಪು ಸಾಲುಗಳಲ್ಲ. ಪಾತ್ರೆಯೊಳಗೆ ಮಣಿಕಟ್ಟಿನವರೆಗೆ ಹಣ್ಣು ಮೆತ್ತಿಕೊಂಡ ಅಪ್ಪನ ಕೈ, ಹೆಗಲ ಮೇಲಿನ ಆ ಬೈರಾಸು.

ಗೈಡ್ ಸೋಪು ಹಾಕಿ ಕೈ ತೊಳೆದು ಬರಲು ಹೇಳಿದರು. ಹೊಸ ಚಿಪ್ ಕೂರಿಸಿ ಓಡಿಸಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೀಲಿ. ಅವರು "ಹೋ ಗಯಾ" ಎಂದು ಎದ್ದರು. ನಾನು ಮುಖ ಮುಚ್ಚಿಕೊಂಡು ಅತ್ತೆ. ಒಂದು ಖಾಲಿ ಓಟಕ್ಕೆ ಇಷ್ಟು ಅಳುವವಳನ್ನು ಅವರು ಅದೇ ಮೊದಲು ನೋಡಿರಬೇಕು. ಪಾಪ, ಒಂದು ಲೋಟ ನೀರು ತಂದಿಟ್ಟು ಹೋದರು.

ಮೂರು ವರ್ಷ ಆ ಹೆಂಗಸಿನ ಕೈಕೆಳಗೆ ಕಲಿತವಳು ನಾನು. ಒಂದು ಉಗುರಿನಷ್ಟು ಚಿಪ್ಪನ್ನು ದೂರುವ ಮೊದಲು ಖಾಲಿ ಓಟ ಮಾಡಿ ನೋಡುತ್ತಿದ್ದೆ. ಹೆತ್ತ ಅಪ್ಪನಿಗೆ ಅಷ್ಟು ಕೂಡ ಮಾಡಲಿಲ್ಲ. ಕಿಣ್ವ ಸುಳ್ಳು ಹೇಳುವುದಿಲ್ಲ ಎಂದದ್ದು ನಿಜವೇ. ಪಟ್ಟಿಯ ಮೇಲೆ ಬಿದ್ದ ಹನಿಯಲ್ಲಿ ಎಷ್ಟಿದೆಯೋ ಅಷ್ಟನ್ನು ಹೇಳಿತ್ತು. ಆ ಹನಿಯಲ್ಲಿ ರಕ್ತದ ಜೊತೆ ಬೆರಳ ಮೇಲಿನ ಬಾಳೆಹಣ್ಣೂ ಸೇರಿದೆಯಾ ಎಂದು ಕೇಳಬೇಕಾಗಿದ್ದವಳು ನಾನು.

ಮರುದಿನ ಬೆಳಗ್ಗೆ ಅಪ್ಪನ ಜೊತೆ ನಾನೂ ಮೊದಲ ಗಾಡಿ ಹತ್ತಿದೆ. ಏಕೆಂದು ಹೇಳಲಿಲ್ಲ. ನನಗೇ ಖಾತ್ರಿಯಿರಲಿಲ್ಲ, ಅವರಿಗೆ ಆಸೆ ಹುಟ್ಟಿಸಿ ಮತ್ತೆ ಕೆಡಿಸುವ ಧೈರ್ಯವೂ ಇರಲಿಲ್ಲ. ಕಾವಲಿಗೆ ಬಂದಿದ್ದಾಳೆ ಎಂದು ತಿಳಿದಿರಬೇಕು, ಅವರೂ ಕೇಳಲಿಲ್ಲ. ಅಡುಗೆಮನೆಯಲ್ಲಿ ನನಗೊಂದು ಸ್ಟೂಲು ಹಾಕಿಕೊಟ್ಟು ಕೆಲಸ ಶುರು ಮಾಡಿದರು. ಹಣ್ಣು ಕಿವುಚಿದರು, ಬೈರಾಸಿನಲ್ಲಿ ಒರೆಸಿದರು, ಲಟ್ಟಿಸಿದರು, ಕರಿದರು. ಆ ಹೊತ್ತಿನಲ್ಲಿ ಒಂದು ಬಾರಿಯೂ ನಲ್ಲಿಯ ಹತ್ತಿರ ಹೋಗಲಿಲ್ಲ.

"ಕೈ ತೊಳೆಯುದಿಲ್ವಾ ಅಪ್ಪ?"

"ಎಣ್ಣೆ ಕಾಯುವಾಗ ಕೈ ಒದ್ದೆ ಮಾಡ್ಲಿಕ್ಕುಂಟಾ? ಒಂದು ಹನಿ ಬಿದ್ರೆ ಮುಖಕ್ಕೇ ಹಾರ್ತದೆ" ಎಂದರು, ಇಷ್ಟೂ ಗೊತ್ತಿಲ್ಲವಾ ಎಂಬಂತೆ. ಕರಿಯುವವರೆಲ್ಲರೂ ಪಾಲಿಸುವ ನಿಯಮ ಅದು. ದವಾಖಾನೆಯಲ್ಲಿ ಸ್ಪಿರಿಟ್ ಹಚ್ಚಿ ಎಂದಿದ್ದರು, ಹಚ್ಚುತ್ತಿದ್ದರು. ಅಂಟಿದ ಹಣ್ಣು ಅದಕ್ಕೆಲ್ಲ ಹೋಗುವುದಿಲ್ಲ. ಸೋಪು ಹಾಕಿ ತೊಳೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದೆ, ಅಪ್ಪ ಕೊನೆಗೂ ಲ್ಯಾಬಿಗೆ ಹೋಗಿ ರಕ್ತ ಕೊಟ್ಟ ಮೇಲೆ, ಆ ವಾರದ ಕೊನೆಗೆ ವರದಿ ನೋಡಿ ಮಾತ್ರೆ ಇಳಿಸಿ, ಇನ್ಸುಲಿನ್ ಮಾತನ್ನೇ ಬಿಟ್ಟ ಡಾಕ್ಟರು, ಅಡುಗೆಯವರ ಕೈ ತೊಳೆದೇ ಇರುತ್ತದೆ ಎಂದು ತಾವೂ ತಿಳಿದಿದ್ದಾಗಿ ಬೇಸರಪಟ್ಟುಕೊಂಡರು.

ಮೊದಲ ಬನ್ಸ್ ಪಟದ ಮುಂದೆ ಹೋಯಿತು. ಅಪ್ಪ ಮೀಟರು ತೆಗೆದರು. ಒರೆಸಿದರು, ಹತ್ತಿ ತಾಗಿಸಿದರು, ಚುಚ್ಚಿದರು. ಮುನ್ನೂರ ಹನ್ನೆರಡು. ಅಂಕಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿ, ಡೈರಿ ಬಿಡಿಸಿದರು.

"ಬರೀಬೇಡಿ. ಮಾತ್ರೆಯೂ ಈಗ ಬೇಡ, ಡಾಕ್ಟರಿಗೆ ಕೇಳುವ. ಒಲೆ ಸಣ್ಣ ಮಾಡಿ ಬನ್ನಿ" ಎಂದು ಕೈ ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದೆ. ಸೋಪು ಹಾಕಿ ನಾನೇ ತೊಳೆದೆ, ಒಂದೊಂದೇ ಬೆರಳು, ಉಗುರಿನ ಸಂದು. ಅವರ ಬೆರಳ ತುದಿಗಳು ಬಿಸಿಗೆ ಬೆಂದು ಬೆಂದು ದಡ್ಡುಗಟ್ಟಿದ್ದವು. ಬಾಲ್ಯದ ನಂತರ ನಾನು ಆ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ನನ್ನ ಹೊಸ ಕರ್ಚೀಫಿನಲ್ಲಿ ಒಣಗಿಸಿ, ಪಕ್ಕದ ಬೆರಳನ್ನು ಚುಚ್ಚಿದೆ.

ತೊಂಬತ್ತೊಂದು.

ಅಪ್ಪ ಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೆಟ್ಟಿದೆಯಾ ಎಂದು ಕೇಳಿದರು. ನಾನು ಬಾಳೆಹಣ್ಣಿನ ಕಥೆಯನ್ನೆಲ್ಲ ಹೇಳಿದೆ. ಏಕಾದಶಿಯಂದು ಕುಸಿದದ್ದು ಸಕ್ಕರೆ ಏರಿ ಆದದ್ದಲ್ಲ, ಬೇಡದ ಮಾತ್ರೆಯಿಂದ ಇಳಿದು ಆದದ್ದು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ನಾನು ಯಂತ್ರದ ಬಗ್ಗೆ ಹೇಳಿದ್ದರಲ್ಲಿ ಎಷ್ಟು ಹಿಡಿಯಿತೋ ಗೊತ್ತಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ.

"ಹಾಗಾದ್ರೆ ಏಕಾದಶಿ ದಿನ ನಾನು ತಿನ್ನಲಿಲ್ಲ ಅಲ್ವಾ?"

ನನ್ನನ್ನು ಕೇಳುತ್ತಿದ್ದರು. ತಾವು ತಿಂದಿದ್ದಾರೋ ಇಲ್ಲವೋ ಎಂಬುದನ್ನು.

"ಇಲ್ಲ ಅಪ್ಪ. ಒಂದು ದಿನವೂ ತಿನ್ನಲಿಲ್ಲ ನೀವು. ನಂದೇ ತಪ್ಪು" ಎಂದೆ. ಅಪ್ಪ ಕೃಷ್ಣನ ಪಟದ ಕಡೆ ಒಮ್ಮೆ ನೋಡಿ, ಬೈರಾಸಿನಲ್ಲಿ ಕಣ್ಣೊರೆಸಿಕೊಂಡು, ಒಲೆ ದೊಡ್ಡದು ಮಾಡಿದರು.

"ಅಮ್ಮನಿಗೆ ಫೋನ್ ಮಾಡು. ಬೀಗ ತೆಗೀಲಿಕ್ಕೆ ಹೇಳು."

ಹಿಂಬಾಗಿಲಿಗೆ ಬಂದು ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡರು. ಅಡುಗೆಮನೆಯ ಕಡೆ ನಡೆದು ಹೋದದ್ದು, ಬೀಗ ಬಿಚ್ಚಿದ್ದು ಫೋನಿನಲ್ಲೇ ಕೇಳಿಸಿತು. ಮತ್ತೆ ಮಾತು ಬಂದಾಗ ಅಮ್ಮ ತುಳುವಿಗೆ ಮರಳಿದ್ದರು. ಗಂಟೆ ಏಳೂವರೆಯಾಯಿತು, ಅವರಿನ್ನೂ ಖಾಲಿ ಹೊಟ್ಟೆಯಲ್ಲೇ ಇದ್ದಾರಾ, ಮೊದಲು ಹೋಗಿ ಅವರಿಗೆ ಏನಾದರೂ ತಿನ್ನಲು ಹೇಳು ಎಂದರು.